ಎಸ್‌ಆರ್‌ಸಿ-1 ಹಾಕಿದರೂ ಲ್ಯುಸಿಫರೇಸ್ ಬೆಳಕು ಏರುತ್ತಿಲ್ಲ, ಎಂತ ಮಾಡುವುದು?

ಕೊಣಾಜೆ ಕೋಶ:
ಎರಡು ವಾರದಿಂದ ತಲೆ ಕೆಟ್ಟಿದೆ. ಹೀಲಾ ಕೋಶಗಳಿಗೆ (ಲ್ಯಾಬಿನಲ್ಲಿ ಬೆಳೆಸುವ ಮಾನವ ಕೋಶ) ಈಸ್ಟ್ರೊಜೆನ್ ರಿಸೆಪ್ಟರ್ (ಹಾರ್ಮೋನ್ ಹಿಡಿದು ಜೀನ್ ಚಾಲೂ ಮಾಡುವ ಪ್ರೋಟೀನ್) ಮಾಡಿಸುವ ಪ್ಲಾಸ್ಮಿಡ್ ಅಂದರೆ ಡಿಎನ್‌ಎ ಉಂಗುರ, ಜೀನ್ ಚಾಲೂ ಆದರೆ ಬೆಳಕು ಕೊಡುವ ಲ್ಯುಸಿಫರೇಸ್ ರಿಪೋರ್ಟರ್, ಜೊತೆಗೆ ರಿಸೆಪ್ಟರ್‌ಗೆ ಸಹಾಯ ಮಾಡುವ ಪ್ರೋಟೀನ್ ಅಂದರೆ ಕೋಆಕ್ಟಿವೇಟರ್ ಎಸ್‌ಆರ್‌ಸಿ-1 ಹಾಕಿದೆ. ಹಾರ್ಮೋನ್ ಅಂದರೆ ಎಸ್ಟ್ರಡಯಾಲ್, 10 ನ್ಯಾನೋಮೋಲಾರ್. ಹಾರ್ಮೋನ್ ಹಾಕದ ವೆಲ್‌ಗಳೂ (ತಟ್ಟೆಯ ಗುಳಿಗಳೂ) ಹೊಳೆಯುತ್ತಿವೆ. ರಿಸೆಪ್ಟರ್ ಜಾಸ್ತಿ ಮಾಡಿದರೆ ಸರಿಯಾದೀತು ಅಂತ 50 ನ್ಯಾನೋಗ್ರಾಂ ಇದ್ದದ್ದನ್ನು 300 ಮಾಡಿದೆ, ಇದ್ದ ಬೆಳಕೂ ಇಳಿಯಿತು! ಪ್ಲಾಸ್ಮಿಡ್ ಹಾಳಾಗಿದೆಯಾ?

ಮಲ್ಪೆ ಬಂಗುಡೆ:
ಕೋಶ ಬೆಳೆಸುವ ದ್ರವ, ಮೀಡಿಯಾ, ಯಾವ ಬಣ್ಣ ಮಾರಾಯ್ರೆ?

ಕೊಣಾಜೆ ಕೋಶ:
ಮಾಮೂಲಿ ಕೆಂಪು. 10% ಸೀರಮ್. ಯಾಕೆ?

ಮಲ್ಪೆ ಬಂಗುಡೆ:
ಅಲ್ಲೇ ಉಂಟು ನೋಡಿ. ಆ ಬಣ್ಣ ಫೀನಾಲ್ ರೆಡ್‌ನದ್ದು, ಅದರ ಜೊತೆ ಬರುವ ಕಲ್ಮಶ ಈಸ್ಟ್ರೊಜೆನ್ ತರ ಕೆಲಸ ಮಾಡುತ್ತದೆ ಅಂತ 1980ರ ದಶಕದಲ್ಲೇ ಗೊತ್ತಾಗಿದೆ. ಸೀರಮ್‌ನಲ್ಲೂ ಸ್ಟೀರಾಯ್ಡ್ ಹಾರ್ಮೋನ್ ಇರುತ್ತದೆ. ನೀವು ಬಡಿಸುವ ಮೊದಲೇ ರಿಸೆಪ್ಟರ್‌ಗೆ ಊಟ ಆಗಿದೆ! ಫೀನಾಲ್ ರೆಡ್ ಇಲ್ಲದ ಮೀಡಿಯಾ, ಇದ್ದಿಲಿನಲ್ಲಿ ಶುದ್ಧ ಮಾಡಿದ ಸೀರಮ್ ತೆಗೆದುಕೊಳ್ಳಿ, ಕೋಶಗಳನ್ನು ಎರಡು ಮೂರು ದಿನ ಅದರಲ್ಲೇ ಇಡಿ. ಒಂದು ವೆಲ್‌ಗೆ ಈ ರಿಸೆಪ್ಟರನ್ನು ತಡೆಯುವ ಮದ್ದು ಫುಲ್ವೆಸ್ಟ್ರಂಟ್ ಹಾಕಿ. ಬೆಳಕು ಆರಿದರೆ ಅದು ರಿಸೆಪ್ಟರ್‌ನಿಂದಲೇ ಬಂದದ್ದು, ಪ್ಲಾಸ್ಮಿಡ್ ಸರಿ ಉಂಟು ಅಂತ.

ಇನ್ನು 300 ನ್ಯಾನೋಗ್ರಾಂ ಹಾಕಿದ ಕತೆ. ಹಾರ್ಮೋನ್ ಕೂತಾಗ ರಿಸೆಪ್ಟರ್‌ನ 12ನೇ ಹೀಲಿಕ್ಸ್ (ಸುರುಳಿ ಭಾಗ) ಮಡಚಿಕೊಂಡು ಸಣ್ಣ ತೋಡು ಮೂಡುತ್ತದೆ, ಎಸ್‌ಆರ್‌ಸಿ-1 ಅದರಲ್ಲಿ ಸಿಕ್ಕಿಕೊಂಡು ಪಿ300 ಅನ್ನುವ ಇನ್ನೊಂದು ಪ್ರೋಟೀನನ್ನು ಕರೆತರುತ್ತದೆ, ಪಿ300 ಡಿಎನ್‌ಎ ಸುತ್ತಿಕೊಂಡಿರುವ ಹಿಸ್ಟೋನ್‌ಗೆ ಅಸಿಟೈಲ್ ಅಂಟಿಸಿ ಡಿಎನ್‌ಎಯ ಬಿಗಿ ಸಡಿಲಿಸುತ್ತದೆ. ಎಸ್‌ಆರ್‌ಸಿ-1 ನೀವು ಹೊರಗಿಂದ ಹಾಕಿದ್ದೀರಿ ಸರಿ, ಆದರೆ ಪಿ300, ಮೀಡಿಯೇಟರ್ ಅಂತಹ ಬೇರೆ ಸಹಾಯಕರು ಎಲ್ಲ ಕೋಶದಲ್ಲಿ ಇದ್ದಷ್ಟೇ ಅಲ್ವಾ? ನಮ್ಮ ದಕ್ಕೆಯಲ್ಲಿ ಮೀನು ಇಳಿಸುವ ಆಳುಗಳು ಹತ್ತೇ ಜನ ಅಂದುಕೊಳ್ಳಿ. ದಕ್ಕೆಗೆ ತಾಗದೆ ಹೊರಗೆ ನಿಂತ ಐವತ್ತು ಬೋಟಿನವರು ಅವರನ್ನು ಹತ್ತಿಸಿಕೊಂಡರೆ ತಾಗಿದ ಬೋಟಿನ ಮೀನು ಇಳಿಸುವುದು ಯಾರು? ಡಿಎನ್‌ಎ ಮೇಲೆ ಜಾಗ ಸಿಗದ ರಿಸೆಪ್ಟರ್‌ಗಳೂ ಹಾಗೆ, ಸಹಾಯಕರನ್ನು ಹಿಡಿದುಕೊಂಡು ಸುಮ್ನೆ ತೇಲುತ್ತವೆ. ಸ್ಕ್ವೆಲ್ಚಿಂಗ್ ಅನ್ನುವುದು ಇದಕ್ಕೇ. ರಿಸೆಪ್ಟರ್ 5, 20, 50 ನ್ಯಾನೋಗ್ರಾಂ ಹಾಕಿ ನೋಡಿ.

ಕಾರ್ಕಳದ ಪಿಪೆಟ್:
ಪ್ರತಿ ವೆಲ್‌ಗೂ ಒಟ್ಟು ಡಿಎನ್‌ಎ ಒಂದೇ ಇರಲಿ, ಕಡಿಮೆ ಬಿದ್ದಲ್ಲಿ ಖಾಲಿ ವೆಕ್ಟರ್ (ಆ ಜೀನ್ ಇಲ್ಲದ ಪ್ಲಾಸ್ಮಿಡ್) ತುಂಬಿಸಿ. ವೆಲ್‌ಗಳನ್ನು ಹೋಲಿಸಲು ಬೇಕಾದ ಎರಡನೇ ಲ್ಯುಸಿಫರೇಸ್, ರೆನಿಲ್ಲಾ, ಹಾಕಿದ್ದೀರಲ್ಲ? ನಾನು ಒಮ್ಮೆ ಮರೆತು ಒಂದು ತಿಂಗಳು ಕಳೆದೆ.

ಕೊಣಾಜೆ ಕೋಶ:
ಆರು ದಿನ ಆಯಿತು, ಬಂದೆ. ಹಾರ್ಮೋನ್ ಇಲ್ಲದ ವೆಲ್ ಈಗ ಹೆಚ್ಚುಕಡಿಮೆ ಕತ್ತಲೆ. 20 ನ್ಯಾನೋಗ್ರಾಂ ರಿಸೆಪ್ಟರ್ ಜೊತೆ ಎಸ್‌ಆರ್‌ಸಿ-1 ಹಾಕಿದಲ್ಲಿ ಬೆಳಕು ಎರಡೂವರೆ ಪಟ್ಟು! ಬಂಗುಡೆಯಣ್ಣ, ಇದ್ದಿಲಿನ ಸೀರಮ್ ಬಾಟಲಿ ತೆರೆದ ಮೇಲೆ ಫ್ರಿಜ್ಜಿನಲ್ಲಿ ಎಷ್ಟು ದಿನ ಇಡಬಹುದು?

ಮಲ್ಪೆ ಬಂಗುಡೆ:
ಸಣ್ಣ ಟ್ಯೂಬುಗಳಿಗೆ ಹಂಚಿ ಮೈನಸ್ 20ಕ್ಕೆ ಹಾಕಿಬಿಡಿ.