ಕ್ಯಾಮೆರಾ ಕಂಡ ಕೂಡಲೇ ಎಲ್ಲರೂ ಕೆಲಸ ಬಿಟ್ಟು ಪೋಸ್ ಕೊಡ್ತಾರೆ, ಏನು ಮಾಡೋದು?

ಕುಮಟಾ ಕ್ಯಾಮೆರಾ:
ನಮಸ್ಕಾರ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ದುಡಿಯುವವರ ಫೋಟೋ ಸರಣಿ ಮಾಡಬೇಕು ಅಂತಿದ್ದೇನೆ. ಸಾಣಿಕಟ್ಟಾದ ಉಪ್ಪಿನಾಗರ (ಉಪ್ಪು ತೆಗೆಯುವ ಗದ್ದೆಗಳು), ಅಘನಾಶಿನಿ ನದಿಯಲ್ಲಿ ಬಳಚು (ಚಿಪ್ಪುಮೀನು) ಹೆಕ್ಕುವವರು, ಕಾರವಾರದ ಬೈತಖೋಲ ಬಂದರು, ಆಮೇಲೆ ಘಟ್ಟ ಹತ್ತಿ ಶಿರಸಿಯ ಅಡಿಕೆ ಮನೆಗಳು. ತೊಂದರೆ ಏನೆಂದರೆ ಅರ್ಧ ಜನ ಮುಖ ತಿರುಗಿಸುತ್ತಾರೆ, ಉಳಿದವರು ನೆಟ್ಟಗೆ ನಿಂತು ನಗುತ್ತಾರೆ. ದೂರದಿಂದ ಜೂಮ್ ಹಾಕಿ ತೆಗೆಯಲಾ? ದುಡ್ಡು ಕೊಡಬೇಕಾ?

ಬಂದರು ಬದಿಯವ:
ಜೂಮ್ ಬೇಡ ಮಾರಾಯಾ. ಕದ್ದು ತೆಗೆಯುವವನನ್ನು ಬಂದರಿನಲ್ಲಿ ಎಲ್ಲರೂ ನೋಡಿರ್ತಾರೆ, ನಿನಗೆ ಮಾತ್ರ ಗೊತ್ತಾಗಿರಲ್ಲ. ಮೊದಲು ಆ ನಗುವ ಫೋಟೋ ತೆಗೆ, ತೋರಿಸು. ಅವರಿಗೆ ಬೇಕಾಗಿದ್ದು ಅದೇ. ಆಮೇಲೆ ಅಲ್ಲೇ ನಿಂತಿರು, ಬೋಟ್ ಬಂತು ಅಂದರೆ ಮೀನು ಇಳಿಸುವುದು, ಆರಿಸುವುದು, ಐಸ್ ಹಾಕುವುದು ಒಟ್ಟಿಗೇ ಶುರುವಾಗಿ ನಿನ್ನ ಕಡೆ ನೋಡಲಿಕ್ಕೆ ಯಾರಿಗೂ ಪುರುಸೊತ್ತಿರುವುದಿಲ್ಲ. ನನ್ನ ಕೇಳಿದರೆ ಜೂನ್ 1ರಿಂದ ಜುಲೈ 31ರವರೆಗೆ ಬಾ. ಆಗ ಯಾಂತ್ರಿಕ ಬೋಟ್‌ಗಳ ಮೀನುಗಾರಿಕೆಗೆ ನಿಷೇಧ, ಬಲೆ ಹೆಣೆಯುತ್ತಾ ಕೂತಿರುತ್ತಾರೆ, ಮಾತಿಗೂ ಸಿಗುತ್ತಾರೆ. ಆ ಹೊತ್ತಿಗೆ ಫೋಟೋದವರು ಒಬ್ಬರೂ ಬರುವುದಿಲ್ಲ. ಇನ್ನೊಂದು, ಅರಗಾ ಕಡೆ ಸೀಬರ್ಡ್ ನೌಕಾನೆಲೆ ಇದೆ. ಆ ಕಡೆ ಲೆನ್ಸ್ ತಿರುಗಿಸಬೇಡ, ಡ್ರೋನ್ ಅಂತೂ ಮನೆಯಲ್ಲೇ ಇರಲಿ.

ಗಜನಿ ಗದ್ದೆ:
ಜೂಮ್ ಪೂರ್ತಿ ಬೇಡ ಅನ್ನುವುದು ನನಗೆ ಒಪ್ಪಿಗೆ ಇಲ್ಲ. ಬಳಚು ಹೆಕ್ಕುವವರು ಅಳಿವೆಯ ನಡುವೆ ಇರುತ್ತಾರೆ, ಕೇಳಿಕೊಂಡು ದಡದಿಂದ ತೆಗೆದರೆ ಏನು ತಪ್ಪು? ಆದರೆ ನೀರು ಇಳಿದಾಗ ಮಾತ್ರ ಈ ಕೆಲಸ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ಹೋದ ವಾರ ಬಂದ ಹೊತ್ತಿಗೇ ಈ ವಾರವೂ ಬಂದರೆ ಬರೀ ನೀರು ನೋಡಿಕೊಂಡು ಹೋಗಬೇಕು. ಉಪ್ಪಿನಾಗರಕ್ಕೆ ಬೇಸಿಗೆಯಲ್ಲೇ ಹೋಗಿ, ಮಳೆ ಬಿದ್ದರೆ ಮುಗಿಯಿತು. ಬಿಳಿ ಜಾಸ್ತಿ ಇರುವುದರಿಂದ ಕ್ಯಾಮೆರಾ ಮೋಸ ಹೋಗಿ ಉಪ್ಪನ್ನು ಬೂದಿ ಬಣ್ಣ ಮಾಡುತ್ತದೆ. ಎಕ್ಸ್‌ಪೋಶರ್ ಒಂದು ಸ್ಟಾಪ್ (ಅಂದರೆ ಬೆಳಕು ಎರಡರಷ್ಟು) ಏರಿಸಿ. ಹಾಗೇ ಒಂದು ವಿನಂತಿ: ಹಾಲಕ್ಕಿ ಸಮುದಾಯದ ಅಜ್ಜಿಯರ ಮಣಿಸರದ ಕ್ಲೋಸಪ್ ಸಾಕು ಮಾಡಿ! ಅವರು ಹೊರುವ ಹೊರೆ, ಮಾರುವ ಸೊಪ್ಪು ಯಾರ ಫೋಟೋದಲ್ಲೂ ಇಲ್ಲ.

ಶಿರಸಿ ಅಕ್ಕ:
ನಮ್ಮ ಕಡೆ ಬರುವುದಾದರೆ ಅಡಿಕೆ ಸುಗ್ಗಿಯಲ್ಲಿ ಬನ್ನಿ, ಅಡ್ಡಿ ಇಲ್ಲ. ಕೊನೆ (ಅಡಿಕೆ ಗೊನೆ) ಕೊಯ್ಯುವವರು ಮರದಿಂದ ಮರಕ್ಕೆ ದಾಟುವಾಗ ಕೆಳಗಿನಿಂದ 'ಇಲ್ಲಿ ನೋಡಿ' ಅಂತ ಮಾತ್ರ ಕೂಗಬೇಡಿ. ರಾತ್ರಿ ಸುಲಿಯುವಾಗ ಫ್ಲ್ಯಾಶ್ ಹಾಕಬೇಡಿ, ಮೆಟ್ಟುಗತ್ತಿಯ (ಕಾಲಲ್ಲಿ ಮೆಟ್ಟಿಕೊಂಡು ಸುಲಿಯುವ ಕತ್ತಿ) ಮೇಲೆ ಕೈ ಓಡುತ್ತಿರುತ್ತದೆ. ದುಡ್ಡಿನ ವಿಷಯ: ಸುಲಿದಷ್ಟಕ್ಕೆ ಕೂಲಿ. ನೀವು 'ಸ್ವಲ್ಪ ನಿಲ್ಲಿಸಿ' ಅಂದರೆ ಅಷ್ಟು ಕೂಲಿ ಹೋಯಿತು. ಹಾಗೆ ನಿಲ್ಲಿಸಿದರೆ ಕೊಡಿ, ಇಲ್ಲದಿದ್ದರೆ ಪ್ರಿಂಟ್ ಹಾಕಿಸಿ ಕೊಡಿ.

ಬಂದರು ಬದಿಯವ:
ಅಕ್ಕ, ದುಡ್ಡು ಕೊಟ್ಟರೆ ನಾಳೆ ಬರುವವನಿಗೂ ಅದೇ ರೇಟ್ ಹೇಳ್ತಾರಲ್ಲ.

ಶಿರಸಿ ಅಕ್ಕ:
ಹೇಳಲಿ ಬಿಡಿ. ಅವನೂ ಅವರ ಕೆಲಸ ನಿಲ್ಲಿಸ್ತಾನಲ್ವಾ?

ಕುಮಟಾ ಕ್ಯಾಮೆರಾ:
ಸರಿ, ಉಪ್ಪಿನಾಗರದಿಂದಲೇ ಶುರು ಮಾಡ್ತೇನೆ. ಕುಮಟಾದಲ್ಲಿ ಪ್ರಿಂಟ್ ಕಡಿಮೆಗೆ ಎಲ್ಲಿ ಹಾಕ್ತಾರೆ, ಯಾರಿಗಾದರೂ ಗೊತ್ತಾ?