ಹಳೇ ಕಾರ್ಬನ್ ಕಾಯಿಸಿದೆ, ಮೂರನೇ ಒಂದು ಪಾಲಿಗಿಂತ ಹೆಚ್ಚು ಸುಟ್ಟುಹೋಯ್ತು. ಎಲ್ಲಿ ತಪ್ಪಿದೆ?

ಸಿಂಧನೂರು ಮೀನುತೊಟ್ಟಿ:
ಎಲ್ಲರಿಗೂ ನಮಸ್ಕಾರ. ನಮ್ಮದು ಬೋರ್‌ವೆಲ್ ನೀರು. ಮೀನಿನ ತೊಟ್ಟಿಯ ಫಿಲ್ಟರಿನಲ್ಲಿದ್ದ ತೆಂಗಿನ ಚಿಪ್ಪಿನ ಕಾರ್ಬನ್ (ನೀರಿನ ಕೊಳೆ ಹೀರುವ ಇದ್ದಿಲು) ಎಂಟು ತಿಂಗಳು ನಡೆಯಿತು. ಬಿಸಾಡಲು ಮನಸ್ಸಾಗಲಿಲ್ಲ, ಕಾಯಿಸಿ ಕೊಳೆ ಕಳೆದು ಮತ್ತೆ ಬಳಸೋಣ ಅಂದುಕೊಂಡೆ. ಇಲ್ಲಿ ಭತ್ತದ ಹೊಟ್ಟಿಗೇನು ಬರ? ಹೊಟ್ಟಿನ ಒಲೆ ಮೇಲೆ ಕಬ್ಬಿಣದ ಬಾಣಲೆ ಇಟ್ಟು ಕೆಂಪಗೆ ಕಾಯಿಸಿದೆ. ಹಬೆ ಸಿಗಲಿ ಅಂತ ಮೇಲಿಂದ ನೀರು ಚಿಮುಕಿಸಿದೆ. ಒಂದು ಕಿಲೋ ಹಾಕಿದ್ದೆ, 620 ಗ್ರಾಂ ಉಳಿಯಿತು. ಕಾಳುಗಳ ಮೇಲೆ ಬಿಳಿ ಪುಡಿ. ತೊಳೆದ ನೀರು ಬೆರಳಿಗೆ ಸೋಪಿನ ಹಾಗೆ ಜಾರುತ್ತದೆ, ಪಿಎಚ್ ಪಟ್ಟಿ ಕಡುನೀಲಿ, ಅಂದರೆ ಕ್ಷಾರ ಜಾಸ್ತಿ. ತೊಟ್ಟಿಗೆ ಇನ್ನೂ ಹಾಕಿಲ್ಲ.

ಲಿಂಗಸುಗೂರು ಕುಲುಮೆ:
ಹಾಕದೇ ಇದ್ದದ್ದು ಒಳ್ಳೇದಾಯ್ತು ಅಣ್ಣಾ. ತೂಕ ಮಾಡಿದಾಗ ಕಾರ್ಬನ್ ಒಣಗಿತ್ತಾ, ಹಸಿಯಿತ್ತಾ?

ಸಿಂಧನೂರು ಮೀನುತೊಟ್ಟಿ:
ಎರಡು ದಿನ ಬಿಸಿಲಿಗೆ ಹರವಿದ್ದೆ.

ಲಿಂಗಸುಗೂರು ಕುಲುಮೆ:
ಹಾಗಾದರೆ ಕಡಿಮೆಯಾದ ತೂಕದಲ್ಲಿ ಬಹುಪಾಲು ಸುಟ್ಟೇ ಹೋಗಿದೆ. ತೆರೆದ ಬಾಣಲೆಯಲ್ಲಿ ಗಾಳಿ ತಾಗುತ್ತದೆ. ಕೆಂಪಾದ ಕಾರ್ಬನ್‌ಗೆ ಗಾಳಿ ತಾಗಿದರೆ ಅದು ಬರೀ ಇದ್ದಿಲು, ಉರಿಯುತ್ತದೆ. ಚಿಮುಕಿಸಿದ ನೀರು ಹಬೆಯಾಗಿ ಮೇಲೆ ಹಾರಿಹೋಯಿತು, ಒಳಗೆ ಇಳಿಯಲೇ ಇಲ್ಲ.

ಇನ್ನೊಂದು ತಪ್ಪು ಒಲೆ ಹಚ್ಚುವ ಮೊದಲೇ ಆಗಿದೆ. ನಮ್ಮ ಕಡೆಯ ಗಡಸು ನೀರು ಕಾರ್ಬನ್‌ನ ಸಣ್ಣ ರಂಧ್ರಗಳಲ್ಲಿ ಸುಣ್ಣ ಕಟ್ಟಿಸುತ್ತದೆ. ಕಾಯಿಸಿದರೆ ಅದು ಸುಟ್ಟ ಸುಣ್ಣವಾಗುತ್ತದೆ, ಜೊತೆಗೆ ಚಿಪ್ಪಿನ ಬೂದಿಯ ಕ್ಷಾರ. ನೀರು ಜಾರುವುದು ಇವೆರಡರಿಂದಲೇ. ಸುಣ್ಣ ಇದ್ದರೆ ಹಬೆ ಕಾರ್ಬನ್‌ನನ್ನು ಬೇಗ ತಿನ್ನುತ್ತದೆ, ಸಣ್ಣ ರಂಧ್ರಗಳು ಒಡೆದು ದೊಡ್ಡದಾಗುತ್ತವೆ. ಚಿನ್ನ ತೆಗೆಯುವ ಘಟಕಗಳಲ್ಲಿ ಕಾರ್ಬನ್ನನ್ನು ಆ್ಯಸಿಡ್‌ನಲ್ಲಿ ತೊಳೆಯುವುದು ಈ ಸುಣ್ಣಕ್ಕೇ. ಆಮೇಲೆ ಸುಮಾರು 650ರಿಂದ 750 ಡಿಗ್ರಿಗೆ ಗೂಡಿಗೆ ಕಳಿಸುತ್ತಾರೆ.

ನೀವು ನಿಂಬೆ ಉಪ್ಪಿನ (ಸಿಟ್ರಿಕ್ ಆ್ಯಸಿಡ್) ನೀರಲ್ಲಿ ನೆನೆಸಿ. ಸಣ್ಣ ನೊರೆ ಏಳುತ್ತದೆ. ಅದು ನಿಲ್ಲುವವರೆಗೆ ನೀರು ಬದಲಿಸಿ, ಚೆನ್ನಾಗಿ ತೊಳೆಯಿರಿ. ಒಣಗಿಸಬೇಡಿ, ನೀರು ಬಸಿದು ಹಸಿಯಾಗೇ ಮುಚ್ಚಳದ ಕಬ್ಬಿಣದ ಡಬ್ಬಕ್ಕೆ ತುಂಬಿ. ಮುಚ್ಚಳಕ್ಕೆ ಒಂದು ಸಣ್ಣ ತೂತು ಇರಲೇಬೇಕು, ಇಲ್ಲದಿದ್ದರೆ ಡಬ್ಬ ಸಿಡಿಯುತ್ತದೆ. ಒಳಗಿನ ನೀರೇ ಹಬೆಯಾಗಿ ಗಾಳಿಯನ್ನು ಹೊರಗೆ ತಳ್ಳುತ್ತದೆ. ಸಂಜೆ ಮಬ್ಬಲ್ಲಿ ಡಬ್ಬದ ತಳ ಮಂಕು ಕೆಂಪಾದರೆ ಸಾಕು, ಅರ್ಧ ಗಂಟೆ ಹಿಡಿಯಿರಿ. ಪೂರ್ತಿ ತಣ್ಣಗಾಗುವವರೆಗೆ ಮುಚ್ಚಳ ಮುಟ್ಟಬೇಡಿ, ಬಿಸಿ ಕಾರ್ಬನ್ ಗಾಳಿಗೆ ಹತ್ತಿಕೊಳ್ಳುತ್ತದೆ. ಸತು ಲೇಪಿಸಿದ ಡಬ್ಬ ಬೇಡ, ಹೊಗೆ ವಿಷ. ಕಾರ್ಬನ್ ಮೊನಾಕ್ಸೈಡ್ ಬರುತ್ತದೆ, ಬಯಲಲ್ಲೇ ಮಾಡಿ. ಕುಡಿಯುವ ನೀರಿನ ಫಿಲ್ಟರಿಗೆ ಮಾತ್ರ ಹೀಗೆ ಮಾಡಿದ್ದನ್ನು ಹಾಕಬೇಡಿ.

ಹೊಸದನ್ನೂ ಇದನ್ನೂ ಒಣಗಿಸಿ, ಒಂದು ಲೀಟರ್ ಪಾತ್ರೆಗೆ ತುಂಬಿ ತೂಗಿ. ಹಗುರವಿದ್ದರೆ ಸುಟ್ಟಿದೆ, ಭಾರವಿದ್ದರೆ ಕೊಳೆ ಉಳಿದಿದೆ.

ಸಿಂಧನೂರು ಮೀನುತೊಟ್ಟಿ:
ಹೊಸದು 490 ಗ್ರಾಂ, ಬಾಣಲೆಯದು 370. ಅದನ್ನು ಬಿಟ್ಟೆ. ಎರಡನೇ ಫಿಲ್ಟರಿನದನ್ನು ನೀವು ಹೇಳಿದ ಹಾಗೇ ಮಾಡಿದೆ: 505, ಹೊಸದರ ಹತ್ತಿರವೇ. ಒಂದು ಲೋಟ ನೀರಿಗೆ ಎರಡು ಹನಿ ನೀಲಿ ಶಾಯಿ, ಒಂದು ಚಮಚ ಕಾರ್ಬನ್ ಹಾಕಿ ಅಲ್ಲಾಡಿಸುತ್ತಿದ್ದೆ. ಮಧ್ಯಾಹ್ನದ ಊಟ ಮುಗಿಸಿ ನೋಡಿದಾಗ ನೀರು ತಿಳಿಯಾಗಿತ್ತು. ಬಲು ಉಪಕಾರವಾಯ್ತು ಅಣ್ಣಾ.