ಜಾತ್ರೆಯ ದಿನ ಜನರನ್ನು ತಡೆದು ನಿಲ್ಲಿಸಬೇಕಾದದ್ದು ಎಲ್ಲಿ?

ಪ್ರಶ್ನೆ (ಮಂಡ್ಯ ಜಿಲ್ಲೆಯಿಂದ)

ನಮ್ಮೂರ ಜಾತ್ರೆಗೆ ಬರುವ ಭಕ್ತರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದೆ. ರಥಬೀದಿಯಿಂದ ದೇವಸ್ಥಾನದ ಬಾಗಿಲಿಗೆ ಹೋಗಲು, ದರ್ಶನ ಮುಗಿಸಿ ಮರಳಲು ಇರುವುದು ಸುಮಾರು 3 ಮೀಟರ್ ಅಗಲದ ಒಂದೇ ಓಣಿ. ಬಾಗಿಲ ಬಳಿ ಬ್ಯಾರಿಕೇಡ್ ಹಾಕಿ ಸ್ವಯಂಸೇವಕರನ್ನು ಹೆಚ್ಚಿಸಿದರೆ ಸಾಕೆಂದು ಸಮಿತಿಯ ಕೆಲವರು, ಓಣಿಯ ಅಂಗಡಿಗಳನ್ನು ತೆರವುಗೊಳಿಸಬೇಕೆಂದು ಇನ್ನು ಕೆಲವರು ಹೇಳುತ್ತಿದ್ದಾರೆ. ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ 1 (ಸಿವಿಲ್ ಎಂಜಿನಿಯರ್, ಮೈಸೂರು)

ಮೊದಲು ಗರ್ಭಗುಡಿಯ ಮುಂದೆ ನಿಂತು ಲೆಕ್ಕ ಹಾಕಿ. ಒಬ್ಬ ಭಕ್ತ ಅಲ್ಲಿ 3 ಸೆಕೆಂಡು ನಿಂತರೂ ಒಂದು ಸಾಲಿನಲ್ಲಿ ನಿಮಿಷಕ್ಕೆ 20 ಮಂದಿ, ಎರಡು ಸಾಲಿನಲ್ಲಿ 40 ಮಂದಿ ಮಾತ್ರ ಮುಂದೆ ಸಾಗುತ್ತಾರೆ. ಸಮತಟ್ಟಾದ ದಾರಿಯಲ್ಲಿ ಒಂದು ಮೀಟರ್ ಅಗಲಕ್ಕೆ ನಿಮಿಷಕ್ಕೆ ಹೆಚ್ಚೆಂದರೆ 82 ಜನ ಎಂಬುದು ಕ್ರೀಡಾಂಗಣಗಳ ವಿನ್ಯಾಸದಲ್ಲಿ ಬಳಸುವ ಮಿತಿ. ಆ ಪ್ರಕಾರ ನಿಮ್ಮ ಓಣಿ 240ಕ್ಕೂ ಹೆಚ್ಚು ಜನರನ್ನು ಒಳಗೆ ಬಿಡಬಲ್ಲದು. ಹಾಗಾದರೆ ಉಳಿದ 200 ಮಂದಿ ಪ್ರತಿ ನಿಮಿಷವೂ ಬಾಗಿಲ ಮುಂದೆ ಸೇರುತ್ತಾ ಹೋಗುತ್ತಾರೆ. ಅಲ್ಲಿ 100 ಚದರ ಮೀಟರ್ ಜಾಗವಿದ್ದರೆ, ಎರಡೇ ನಿಮಿಷದಲ್ಲಿ ಚದರ ಮೀಟರಿಗೆ ನಾಲ್ವರಾಗುತ್ತಾರೆ. ಐದನ್ನು ದಾಟಿದ ಮೇಲೆ ಜನರಿಗೆ ತಮ್ಮ ಹೆಜ್ಜೆಯ ಮೇಲೆ ಹಿಡಿತವಿರುವುದಿಲ್ಲ. ಆದ್ದರಿಂದ ಅಂಗಡಿ ತೆಗೆಸಿ ಓಣಿ ಅಗಲಿಸುವುದಷ್ಟರಿಂದಲೇ ಬಾಗಿಲಿನ ಒತ್ತಡ ಕಡಿಮೆಯಾಗದು, ಹೆಚ್ಚಾದರೂ ಆದೀತು.

ಉತ್ತರ 2 (ಬಂದೋಬಸ್ತ್ ಕೆಲಸದಿಂದ ನಿವೃತ್ತರಾದವರು, ಮೈಸೂರು)

ಮೇಲಿನ ಮಾತು ಸರಿ. ಬಾಗಿಲ ಬಳಿ ತಡೆಯುವುದು ಅತ್ಯಂತ ಅಪಾಯದ ಕ್ರಮ, ಏಕೆಂದರೆ ಮುಂದಿನವರು ನಿಂತದ್ದು ಹಿಂದಿನವರಿಗೆ ಕಾಣುವುದಿಲ್ಲ. ಸಿಯೋಲ್‌ನ ಇಟೆವಾನ್‌ನಲ್ಲಿ 2022ರ ಅಕ್ಟೋಬರ್ 29ರಂದು 159 ಜನರನ್ನು ಬಲಿ ಪಡೆದ ಓಣಿಯ ಅಗಲವೂ ಮೂರು ಮೀಟರಿಗೆ ಸ್ವಲ್ಪವೇ ಹೆಚ್ಚು. ಇಳಿಜಾರಿನ ಆ ಓಣಿಗೆ ಎರಡೂ ಕಡೆಯಿಂದ ಜನ ನುಗ್ಗಿದ್ದರು. ಇಂಥ ಕಡೆ ಬಹುತೇಕರು ನಿಂತಲ್ಲೇ ಎದೆ ಅದುಮಿ, ಉಸಿರಾಡಲಾಗದೆ ಸಾಯುತ್ತಾರೆ.

ಹಾಗಾಗಿ ಓಣಿಯನ್ನು ಒಳಹೋಗಲಷ್ಟೇ ಇಟ್ಟು, ಹಿಂಬದಿಯ ಹೊಲದ ಕಡೆಯಿಂದಾದರೂ ಸರಿ, ಹೊರಹೋಗಲು ಬೇರೆ ದಾರಿ ಮಾಡಿ. ಜನರನ್ನು ಓಣಿಗೂ ಮೊದಲು, ರಥಬೀದಿಯ ಆಚೆಯ ಬಯಲಿನಲ್ಲಿ, ನೆರಳು ಮತ್ತು ಕುಡಿಯುವ ನೀರು ಇರುವಲ್ಲಿ ನಿಲ್ಲಿಸಿ, ತಂಡತಂಡವಾಗಿ ಬಿಡಿ. ಚಾಮುಂಡಿ ಬೆಟ್ಟದಲ್ಲಿ ಆಷಾಢ ಶುಕ್ರವಾರಗಳಂದು ಖಾಸಗಿ ವಾಹನಗಳನ್ನು ಕೆಳಗೇ ನಿಲ್ಲಿಸಿ, ಭಕ್ತರನ್ನು ಬಸ್ಸಿನಲ್ಲಿ ಕರೆದೊಯ್ಯುವ ವ್ಯವಸ್ಥೆಯ ಹಿಂದಿರುವುದೂ ಇದೇ ತತ್ವ. ಬ್ಯಾರಿಕೇಡ್ ಸಾಲಿನ ನಡುನಡುವೆ ತುರ್ತಾಗಿ ತೆರೆಯಬಹುದಾದ ಬಾಗಿಲುಗಳಿರಲಿ. ಕಂಬಗಳನ್ನು ಹಗ್ಗದಿಂದ ಬಿಗಿದು ಕಟ್ಟುವ ನಮ್ಮ ಕಡೆಯ ಅಭ್ಯಾಸ ನನಗೆಂದೂ ಹಿಡಿಸಿಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ವಿಶೇಷ ದರ್ಶನದ ಸಾಲು ಬೇಡವೆಂದರೆ ಸಮಿತಿಯ ಹಿರಿಯರು ಒಪ್ಪಲಾರರು. ಅದನ್ನು ಹೇಗೆ ನಿಭಾಯಿಸಬೇಕು?

ಉತ್ತರ 1ರವರು

ಆ ಸಾಲಿಗೆ ಬಿಟ್ಟವರೆಲ್ಲ ನಿಮಿಷದ ಆ 40ರಲ್ಲೇ ಸೇರುತ್ತಾರೆಂದು ಹಿರಿಯರಿಗೆ ತೋರಿಸಿ. ಇರಲೇಬೇಕೆಂದಾದರೆ ಬೆಳಗಿನ ಜಾವ ಪ್ರತ್ಯೇಕ ಸಮಯ ಕೊಡಿ.

ಉತ್ತರ 2ರವರು

ಜೊತೆಗೆ, ಬಯಲಿನಿಂದ ಜನರನ್ನು ಬಿಡುವುದನ್ನು ನಿಲ್ಲಿಸುವ ಅಧಿಕಾರ ಬಾಗಿಲ ಬಳಿ ನಿಂತ ಒಬ್ಬರಿಗೇ ಇರಲಿ, ಅವರ ಬಳಿ ವಾಕಿಟಾಕಿ ಇರಲಿ. ಜನಸಂದಣಿಯಲ್ಲಿ ಮೊಬೈಲ್ ಸಿಗ್ನಲ್ ನಂಬಬೇಡಿ.